ಆಟಿಸಂ ಜೀನ್ ಪರೀಕ್ಷೆ: ಮೊದಲು ತಿಳಿಸಿ ಹೇಳಿ

ಆಟಿಸಂ ಇರುವ ಮಕ್ಕಳಿಗೆ ಜೀನ್ (ವಂಶವಾಹಿ) ಪರೀಕ್ಷೆ ಮಾಡುವ ಮೊದಲು ಹೆತ್ತವರಿಗೆ ಅದರ ಬಗ್ಗೆ ಸರಿಯಾಗಿ ತಿಳಿಸಿ ಹೇಳುವುದನ್ನು ಕಡ್ಡಾಯ ಮಾಡಬೇಕು. ನನ್ನ ಅಕ್ಕನ ಮಗನಿಗೆ ಈ ಪರೀಕ್ಷೆ ಮಾಡಿಸಿದ್ದೆವು. ಸಹಿ ಹಾಕಿಸಿಕೊಂಡ ಒಪ್ಪಿಗೆ ಪತ್ರ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ವರದಿಯಲ್ಲಿ ಒಂದು ಜೀನ್‌ನಲ್ಲಿ ಬದಲಾವಣೆ ಇದೆ, ಆದರೆ ಅದರ ಪರಿಣಾಮ ಖಚಿತವಿಲ್ಲ ಎಂದಿತ್ತು. ಹಾಗಂದರೇನು ಎಂದು ಕೂರಿಸಿಕೊಂಡು ಹೇಳುವವರೇ ಇರಲಿಲ್ಲ. ‘ನನ್ನಿಂದಲೇ ಬಂತೇನೋ’ ಎಂದು ಅಕ್ಕ ಇವತ್ತಿಗೂ ಸುಮ್ನೆ ಕೊರಗುತ್ತಾಳೆ.

ಆಟಿಸಂಗೆ ಸಂಬಂಧಿಸಿದ ಜೀನ್‌ಗಳು ನೂರಾರಿವೆ. ಒಂದೇ ಜೀನ್‌ನ ಬದಲಾವಣೆಯಿಂದ ಬರುವ ಫ್ರಜೈಲ್ ಎಕ್ಸ್‌ನಂಥ ಕೆಲವು ಕಾಯಿಲೆಗಳನ್ನು ಬಿಟ್ಟರೆ, ಜಾಸ್ತಿ ಮಕ್ಕಳಲ್ಲಿ ಇದೇ ಕಾರಣ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆಟಿಸಂ ಇದೆಯೋ ಇಲ್ಲವೋ ಎಂಬುದನ್ನು ವೈದ್ಯರು ಈಗಲೂ ಮಗುವಿನ ನಡವಳಿಕೆ, ಬೆಳವಣಿಗೆ ನೋಡಿಯೇ ಹೇಳುತ್ತಾರೆ. ಕಾರಣ ಸಿಕ್ಕರೆ ಮೂರ್ಛೆಯಂಥ ತೊಂದರೆಗಳ ಮೇಲೆ ಮೊದಲೇ ಕಣ್ಣಿಡಬಹುದು, ಅದು ನಿಜವಾದ ಲಾಭ. ಆದರೆ ಇಂಥದೇ ವರದಿ ಹಿಡಿದು ಹೊಟ್ಟೆಯಲ್ಲಿರುವ ಮಗು ಬೇಕೋ ಬೇಡವೋ ಎಂದು ತೀರ್ಮಾನಿಸುವುದು ತಪ್ಪಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಇರುವವರಿಗೂ ಸಮಾನವಾಗಿ ಬದುಕುವ ಹಕ್ಕು ಕೊಟ್ಟಿದೆ. ಅವರು ಹುಟ್ಟಲೇಬಾರದಿತ್ತು ಎಂಬ ಭಾವನೆಯನ್ನು ನಾವು ಬೆಳೆಸಬಾರದು.

ಪರೀಕ್ಷೆಗೆ ಮೊದಲು ಮತ್ತು ವರದಿ ಬಂದ ಮೇಲೆ ತಜ್ಞರು ಕನ್ನಡದಲ್ಲಿ ವಿವರಿಸಲೇಬೇಕು ಎಂದು ಆರೋಗ್ಯ ಇಲಾಖೆ ಎಲ್ಲ ಲ್ಯಾಬ್‌ಗಳಿಗೂ ಆದೇಶ ಹೊರಡಿಸಲಿ. ಒಪ್ಪಿಗೆ ಪತ್ರವೂ ಕನ್ನಡದಲ್ಲಿರಲಿ. ಮಗುವಿನ ಡಿಎನ್‌ಎ ಮಾಹಿತಿಯನ್ನು ಸಂಶೋಧನೆಗೆ ಬಳಸುವುದಾದರೆ ಬೇರೆಯಾಗಿಯೇ ಒಪ್ಪಿಗೆ ಪಡೆಯಲಿ.

– ಓದುಗರೊಬ್ಬರು, ಶಿವಮೊಗ್ಗ