ಕಪಾಟು ನೋಡಿ ಮನಷ್ಯಾನ ಅಳೀಬ್ಯಾಡ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರೀ,

ಹೋದ ರವಿವಾರ ನಿಮ್ಮ ಪುರವಣಿಯೊಳಗ ಬಂದ ಲೇಖನ ಅಂಗಡ್ಯಾಗ ಕುಂತು ಎರಡು ಸಲ ಓದಿದ್ನಿ. ಯಾರ ಮನಿಗೆ ಹೋದ್ರೂ ಮೊದಲ ಪುಸ್ತಕದ ಕಪಾಟು ನೋಡ್ರಿ, ಆ ಮನಿ ಮಂದಿ ಅಭಿರುಚಿ ಎಂಥಾದ್ದು ಅಂತ ಅಲ್ಲೇ ತಿಳೀತೈತಿ ಅಂತ ಬರದಾರ. ನಾ ಹುಬ್ಬಳ್ಳ್ಯಾಗ 22 ವರ್ಷದಿಂದ ರದ್ದಿ ಮತ್ತ ಹಳೇ ಪುಸ್ತಕದ ಅಂಗಡಿ ನಡಸಾಕತ್ತೀನಿ, ಮಂದಿ ಮನಿ ಕಪಾಟು ಖಾಲಿ ಮಾಡೂದ ನನ್ನ ಕೆಲಸ, ಹಂಗಾಗಿ ಸುಮ್ಮ ಇರಾಕ ಆಗಲಿಲ್ಲ.

ಗಾಜಿನ ಬಾಗಲದ ಕಪಾಟಿನ್ಯಾಗಿಂದ ಸಂಪುಟಕ್ಕ ಸಂಪುಟ ಬರತಾವ್ರಿ, ಬೆನ್ನಿಗೆ ಬಂಗಾರದ ಅಕ್ಷರ, ತಗದು ನೋಡಿದ್ರ ಹಾಳಿ ಹಾಳಿ ಕೂಡಿಕೊಂಡೇ ಇರತಾವ, ಅಂಚು ಕತ್ತರಿಸೇ ಇರೂದಿಲ್ಲ. ಸತ್ಕಾರ ಸಮಾರಂಭದಾಗ ಶಾಲು ಹಾರದ ಜೋಡಿ ಕೊಟ್ಟ ಪುಸ್ತಕ ಬಣ್ಣದ ಹಾಳಿ ಸುತ್ತಿದ್ದು ಸುತ್ತಿದಂಗ ಬರತಾವ. ಓದಿದ ಪುಸ್ತಕದ ಗುರ್ತು ಬ್ಯಾರೇನ ಐತಿ, ಬೆನ್ನು ಸಡಲಾಗಿರತೈತಿ, ಅರಿಷಿಣದ ಬಳ್ಳು ಮೂಡಿರತೈತಿ, ನಡುವ ಎಲ್ಲೋ ಒಂದು ಬಸ್ ಟಿಕೀಟು ಸಿಗತೈತಿ. ಅಂಥಾವು ಕಪಾಟಿಗಿಂತ ಟ್ರಂಕಿನ್ಯಾಗ, ಗಾದಿ ಕೆಳಗ, ಅಡಗಿಮನಿ ಮಾಡದಾಗ ಜಾಸ್ತಿ ಸಿಗತಾವ.

ನಮ್ಮದು ಮೂಲ ಗದಗ. ನಮ್ಮಕ್ಕನ್ನ ನೋಡಾಕ ಗಂಡಿನ ಕಡೆಯವರು ಬಂದಾಗ ಅವರೊಳಗ ಒಬ್ಬರು ರಿಟೈರ್ಡ್ ಲೆಕ್ಚರರ್ ಇದ್ರು. ಅವಲಕ್ಕಿ ತಿನಕೋತ ಪಡಸಾಲಿ ಗ್ವಾಡಿ ಕಡೆ ನೋಡಿದ್ರು, ಅಲ್ಲಿ ಒಂದು ಪಂಚಾಂಗ, ಮಠದಾಗ ಕೊಟ್ಟ ವಚನದ ಪುಸ್ತಕ, ನನ್ನ ಎಸ್ಸೆಸ್ಸೆಲ್ಸಿ ಗೈಡು ಇಷ್ಟ ಇದ್ದವು. ಈ ಮನ್ಯಾಗ ಓದೂ ಹವ್ಯಾಸ ಇಲ್ಲ ಕಾಣತೈತಿ ಅಂದ್ರು, ನಮ್ಮಪ್ಪ ತಲಿ ಕೆಳಗ ಹಾಕಿದ, ಒಳಗ ಚಾ ಸೋಸಾಕತ್ತಿದ್ದ ಅವ್ವಗ ಅದು ಕೇಳಸ್ತು. ನಮ್ಮವ್ವ ವಾರಕ್ಕ ಎರಡು ಕಾದಂಬರಿ ಓದಾಕಿ, ಅಪ್ಪನ ಹೆಸರಿನ ಕಾರ್ಡ್ ಮ್ಯಾಲ ನಾನ ಲೈಬ್ರರಿಗೆ ಹೋಗಿ ತರತಿದ್ನಿ, ತಂದ ಪುಸ್ತಕ ಹಿಟ್ಟಿನ ಡಬ್ಬಿ ಬಾಜೂಕ ಇರತಿತ್ತು, ರೊಟ್ಟಿ ಬಡದು ಹಂಚಿನ ಮ್ಯಾಲ ಹಾಕಿ ಅದು ಬೇಯೂತನಕ ಅರ್ಧ ಪುಟ ಓದತಿದ್ಲು. ಅವರು ಹೋದ ಮ್ಯಾಲ ನನಗ ಸಿಟ್ಟು ಬಂದು, ಒಂದಿಷ್ಟು ಪುಸ್ತಕ ನಾವೂ ಕೊಂಡು ಇಟ್ಟಿದ್ರ ಏನಾಗತಿತ್ತವ್ವ ಅಂದೆ. "ಓದಿದ್ದನ್ನ ವಾಪಸ್ ಕೊಡಬೇಕಲ್ಲೋ ತಮ್ಮಾ, ನಾನ ಇಟ್ಕೊಂಡ್ರ ಮತ್ತೊಬ್ಬರು ಏನ ಓದಬೇಕು" ಅಂದ್ಲು. ಆ ಸಂಬಂಧ ಆಗಲಿಲ್ಲ, ಕಾರಣ ಬ್ಯಾರೇ ಏನರ ಇದ್ದೀತು, ಆದ್ರ ಆ ಮಾತು ಅವ್ವ ಕಡೀತನಕ ಮರೀಲಿಲ್ಲ.

ಗ್ರಂಥಾಲಯದ ಕಾಯ್ದೆ ಆಗಿದ್ದು 1965ರಾಗ, ಮನಿ ಕರದ ಜೋಡಿ ನೂರಕ್ಕ 6 ರೂಪಾಯಿ ಗ್ರಂಥಾಲಯ ಕರ ತುಂಬತೀವಲ್ಲರಿ, ಆ ರೊಕ್ಕದ ಪುಸ್ತಕ ಓದಿದವರ ಮನ್ಯಾಗ ಕಪಾಟು ಖಾಲಿನ ಇರತೈತಿ.

ಇನ್ನೊಂದು ಹೇಳಲೇಬೇಕು. ಒಬ್ಬರು ವಯಸ್ಸಾದ ಹೆಡ್‌ಮಾಸ್ತರು ಮನಿ ಮಾರಾಕತ್ತಿದ್ರು, ಪುಸ್ತಕ ಒಯ್ಯಾಕ ನನ್ನ ಕರದ್ರು. ಮುಂದಿನ ಸಾಲಿನ್ಯಾಗ ದಪ್ಪ ದಪ್ಪ ಗ್ರಂಥ, ಅವುಗಳ ಹಿಂದ ಎರಡನೇ ಸಾಲಿನ್ಯಾಗ ಪೂರ್ತಿ ಪತ್ತೇದಾರಿ ಕಾದಂಬರಿ, ಓದಿ ಓದಿ ಮೂಲಿ ಸವದು ಹೋಗಿದ್ದವು. ಮಾಸ್ತರು ದನಿ ಸಣ್ಣ ಮಾಡಿ, ಇವನ್ನ ಬ್ಯಾರೆ ಗಂಟು ಕಟ್ಟಪಾ, ಮಗ ಬರೂದ್ರೊಳಗ ಒಯ್ಯಿ ಅಂದ್ರು. ನನಗ ಭಾಳ ಕೆಟ್ಟ ಅನಿಸ್ತು. ನಲವತ್ತು ವರ್ಷ ಹುಡುಗರಿಗೆ ಅಕ್ಷರ ಕಲಿಸಿದ ಮನಷ್ಯಾ ತಾ ಖುಷಿಲೆ ಓದಿದ ಪುಸ್ತಕ ಕಳ್ಳ ಮಾಲಿನಂಗ ಮುಚ್ಚಿ ಇಟ್ಟಿದ್ರು. ಕಪಾಟು ನೋಡಿ ಅಭಿರುಚಿ ಅಳಿಯೂ ಮಂದಿ ಇರೂದಕ್ಕನ ಹಿಂಗ ಆಗೂದು, ಅದಕ್ಕ ನಿಮ್ಮ ಲೇಖನ ನನಗ ಚುಚ್ಚಿದ್ದು.

ಧಾರವಾಡದ ಸಪ್ತಾಪುರದಾಗ ಪರೀಕ್ಷಾ ತಯಾರಿ ಮಾಡೋ ಹುಡುಗರ ರೂಮಿಗೆ ಹೋಗಿ ನೋಡ್ರಿ, ಬರೇ ಕೆಎಎಸ್, ಪಿಎಸ್‌ಐ ಗೈಡು. ಅವರಿಗೆ ಸಾಹಿತ್ಯದ ರುಚಿ ಇಲ್ಲ ಅಂತ ಬರದೀರೇನು? ಅದ ಹುಡುಗರು ಗೈಡು ಮಾರಾಕ ನಮ್ಮ ಅಂಗಡಿಗೆ ಬಂದು, ಅಣ್ಣಾರ ಒಂದು ಕಾದಂಬರಿ ಕೊಡ್ರಿ, ಓದಿ ತಂದು ಕೊಡತೀವಿ ಅಂತಾರ, ಹೇಳಿದಂಗ ತಂದೂ ಕೊಡತಾರ.

ನಮ್ಮ ಹಾವೇರಿ ಸೀಮಿಯ ಗಳಗನಾಥರು ತಾವು ಬರದ ಪುಸ್ತಕದ ಗಂಟು ತಲಿ ಮ್ಯಾಲ ಹೊತ್ತು ಊರೂರು ತಿರುಗಿ ಮಾರಿದವರು. ಗಾಜಿನ ಕಪಾಟು ಇದ್ದ ಮನೀನ ಹುಡಿಕ್ಯಾಡಿದ್ರ ಅವರು ಎಷ್ಟು ಪುಸ್ತಕ ಮಾರತಿದ್ರು?

ಒಂದು ವಿನಂತಿ ಐತ್ರಿ. ಪ್ರತಿ ವಾರ ದೊಡ್ಡ ಮಂದಿ ಕಪಾಟಿನ ಮುಂದ ನಿಂತ ಫೋಟೋ ಹಾಕತೀರಿ, ಒಂದು ವಾರರ ನಿಮ್ಮ ಫೋಟೋಗ್ರಾಫರ್‌ನ ಸಂಜೀ ಮುಂದ ಯಾವುದರ ಸರಕಾರಿ ಲೈಬ್ರರಿ ಕೌಂಟರಿಗೆ ಕಳಸ್ರಿ, ಪುಸ್ತಕ ವಾಪಸ್ ಕೊಡಾಕ ಚೀಲ ಹಿಡಕೊಂಡು ಪಾಳಿ ನಿಂತವರನ್ನ ಏನ ಓದಿದ್ರಿ ಅಂತ ಕೇಳಿ ಬರೀರಿ.

ಇಂತಿ,
ಹಳೇ ಪುಸ್ತಕದ ಅಂಗಡಿಯವ, ಹುಬ್ಬಳ್ಳಿ