ಮಾತಿನ ಚಿಕಿತ್ಸೆಗೆ ಪರೀಕ್ಷೆ ಕಾಯಬೇಡಿ

ಮಾನ್ಯ ಸಂಪಾದಕರೇ,

ಆತಂಕದ ಕಾಯಿಲೆಗೆ ಮಾತಿನ ಚಿಕಿತ್ಸೆ ಅಂದರೆ ‘ಸುಮ್ನೆ ಮಾತಾಡಿದರೆ ಏನಾಗುತ್ತೆ?’ ಎನ್ನುವವರೇ ಈಗಲೂ ಜಾಸ್ತಿ. ಸ್ವೀಡನ್ನಿನ ಉಪ್ಸಲಾದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರು ನೋಡಬೇಕು. ನಾಲ್ಕು ಜನರೆದುರು ಬಾಯಿಬಿಡಲು ಹೆದರುವ 18 ಮಂದಿಯನ್ನು ಮಿದುಳಿನ ಚಿತ್ರ ತೆಗೆಯುವ ಸ್ಕ್ಯಾನರ್‌ನಲ್ಲಿ ಮಲಗಿಸಿ, ಜನರ ಮುಂದೆಯೇ ಭಾಷಣ ಮಾಡಿಸಿದ್ದರು. ಆಮೇಲೆ ಕೆಲವರಿಗೆ ಮಾತ್ರೆ, ಕೆಲವರಿಗೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಉಳಿದವರು ಕಾಯುವ ಪಟ್ಟಿಯಲ್ಲಿ. 9 ವಾರ ಕಳೆದು ಮತ್ತೆ ಸ್ಕ್ಯಾನ್ ಮಾಡಿದರು. ಗುಣ ಕಂಡವರಲ್ಲಿ, ಮಾತ್ರೆಯಿರಲಿ ಮಾತಿರಲಿ, ಭಯಕ್ಕೆ ಮಿಡಿಯುವ, ಮಿದುಳಿನ ಅಮಿಗ್ಡಲಾ ಭಾಗದ ರಕ್ತದ ಹರಿವು ಇಳಿದಿತ್ತು. ಮಾತು ಮಿದುಳನ್ನೂ ಮುಟ್ಟುತ್ತದೆ, ಅಲ್ವಾ?

ಆದರೆ ಯಾರಿಗೆ ಯಾವ ಚಿಕಿತ್ಸೆ ಒಗ್ಗುತ್ತದೆ ಎಂದು ಮೊದಲೇ ಹೇಳುವ, ಆಸ್ಪತ್ರೆಯಲ್ಲಿ ಬಳಸಬಹುದಾದ ಪರೀಕ್ಷೆ ಇನ್ನೂ ಬಂದಿಲ್ಲ. ಮಿದುಳಿನ ರಾಸಾಯನಿಕವಾದ ಸೆರೊಟೋನಿನ್‌ಗೆ ಸಂಬಂಧಿಸಿದ ಜೀನನ್ನು ಮಕ್ಕಳಲ್ಲಿ ನೋಡಿ ಹೇಳಬಹುದೆಂದು 2012ರಲ್ಲಿ ಲಂಡನ್ನಿನ ಸಂಶೋಧಕರು ಆಸೆ ಹುಟ್ಟಿಸಿದ್ದರು. ಮುಂದೆ ಇನ್ನೂ ಹೆಚ್ಚು ಮಕ್ಕಳಲ್ಲಿ ನೋಡಿದಾಗ ಅದು ನಿಲ್ಲಲಿಲ್ಲ. ಹಾಗಾಗಿ ಜೀನ್ ಪರೀಕ್ಷೆಗೆಂದು ದುಡ್ಡು ಸುರಿಯಬೇಡಿ. ಎದೆ ಡವಗುಟ್ಟಿ ನಿದ್ದೆ ಹಾರಿಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕರೆಗೆ ಕಾಸಿಲ್ಲ.

– ಓದುಗ, ಶಿವಮೊಗ್ಗ