ದೋಣಿ ನೋಂದಣಿಗೆ ಎಷ್ಟು ಅಂತ ಒಂದು ಬೋರ್ಡ್ ಹಾಕಿ

ಮಾನ್ಯ ಸಂಪಾದಕರೇ,

ಮಳೆಗಾಲ ಬಂದರೆ ಸಾಕು, ಹೇಮಾವತಿ ಹಿನ್ನೀರಿನ ದೋಣಿಗಳ ಮೇಲೆ ಎಲ್ಲರ ಕಣ್ಣು ಬೀಳುತ್ತದೆ. ಶೆಟ್ಟಿಹಳ್ಳಿಯ ಹಳೇ ಚರ್ಚ್ ಅರ್ಧ ಮುಳುಗಿ ನಿಂತ ಫೋಟೊ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ. ಬೆಂಗಳೂರಿನಿಂದ ಜನ ಬರುತ್ತಾರೆ. ತೆಪ್ಪದಲ್ಲಿ ಎದ್ದು ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಅದರ ಬೆನ್ನಿಗೇ ‘ಅನಧಿಕೃತ ದೋಣಿ ನಡೆಸಿದರೆ ಕ್ರಮ’ ಅನ್ನುವ ಎಚ್ಚರಿಕೆಯೂ ಬರುತ್ತದೆ. ಸರಿ, ಕ್ರಮ ತೆಗೆದುಕೊಳ್ಳಲಿ, ಬೇಡ ಅನ್ನುವುದಿಲ್ಲ. ಆದರೆ ನಿಯಮದ ಪ್ರಕಾರವೇ ಮಾಡೋಣ ಅಂತ ಹೊರಟವನು ಎಲ್ಲಿಗೆ ಹೋಗಬೇಕು, ಎಷ್ಟು ಕಟ್ಟಬೇಕು ಅಂತ ನಮ್ಮ ಜಿಲ್ಲೆಯಲ್ಲಿ ಹೇಳುವವರು ಯಾರು?

ನಾನು ಹಾಸನದಲ್ಲಿ ಜಿಎಸ್‌ಟಿ, ಇನ್‌ಕಂ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವವಳು. ಹಾರ್ಡ್‌ವೇರ್ ಅಂಗಡಿಯವರು, ಹೋಂಸ್ಟೇಯವರು, ಬಿತ್ತನೆ ಆಲೂಗಡ್ಡೆ ವ್ಯಾಪಾರಿಗಳು ನನ್ನ ಹತ್ತಿರ ಬರುತ್ತಾರೆ. ದೋಣಿಯ ಫೈಲು ತಂದವನು ನನ್ನ ಮೈದುನ. ಹಿನ್ನೀರಿನ ಪಕ್ಕ ಅವನದೊಂದು ಪುಟ್ಟ ಹೋಂಸ್ಟೇ ಇದೆ. ಅತಿಥಿಗಳನ್ನು ಒಂದು ಸುತ್ತು ಕರೆದುಕೊಂಡು ಹೋಗಲು 18 ಅಡಿಯ ಫೈಬರ್ ದೋಣಿ, ಅದಕ್ಕೆ ಹಿಂಬದಿಯಲ್ಲಿ ಹೊರಗೆ ಸಿಕ್ಕಿಸುವ ಸಣ್ಣ ಔಟ್‌ಬೋರ್ಡ್ ಎಂಜಿನ್ ತರಬೇಕು ಅಂತ ಅವನ ಆಸೆ. ಬಂದವನೇ ಕೇಳಿದ: ‘ಅತ್ಗೆ, ಕಾರ್ ತಗೊಂಡ್ರೆ ಆನ್‌ರೋಡ್ ಎಷ್ಟು ಅಂತ ಶೋರೂಮಲ್ಲೇ ಹೇಳ್ತಾರೆ. ದೋಣಿಗೆ ಆನ್‌ವಾಟರ್ ಎಷ್ಟಾಯ್ತದೆ?’

ನಕ್ಕೆ. ಆದರೆ ಉತ್ತರ ಹುಡುಕಲು ಕೂತಾಗ ನಗು ಹೋಯಿತು.

ಅವನ ಮೊಬೈಲಿನಲ್ಲಿ ಎರಡು ಕೊಟೇಶನ್ ಇದ್ದವು. ದೋಣಿ ಒಂದೇ, ಅಚ್ಚೂ ಒಂದೇ, ಬೆಲೆ 3 ಲಕ್ಷ. ಒಂದರಲ್ಲಿ ‘ಫಿಶಿಂಗ್ ಬೋಟ್’ ಅಂತ ಬರೆದು ಜಿಎಸ್‌ಟಿ 5% ಹಾಕಿದ್ದರು. ಅಂದರೆ 15,000 ರೂಪಾಯಿ. ಇನ್ನೊಂದರಲ್ಲಿ ‘ಪ್ಲೆಷರ್ ಬೋಟ್’, 40%. ಅಂದರೆ 1,20,000. ಮೇಲಿನ ಸಾಲು ಬದಲಾದರೆ ಕೆಳಗೆ 1,05,000 ರೂಪಾಯಿ ವ್ಯತ್ಯಾಸ! ‘ಫಿಶಿಂಗ್ ಅಂತಾನೇ ಬಿಲ್ ಮಾಡ್ಕೊಡ್ತೀನಿ ಸಾರ್, ಯಾರೂ ಕೇಳಲ್ಲ’ ಅಂತ ಮಾರುವವನ ವಾಯ್ಸ್ ಮೆಸೇಜ್ ಬೇರೆ.

ಕೇಳುತ್ತಾರೆ. ಜಿಎಸ್‌ಟಿ ಪಟ್ಟಿಯಲ್ಲಿ ದೋಣಿಗೆ ಒಂದೇ ದರ ಇಲ್ಲ. ಜನರನ್ನೋ ಸರಕನ್ನೋ ಸಾಗಿಸುವ ದೋಣಿ, ವಿಹಾರದ ಫೆರಿ ಇವೆಲ್ಲ 8901ನೇ ಶೀರ್ಷಿಕೆಯಲ್ಲಿ, 5%. ಮೀನು ಹಿಡಿಯುವ ದೋಣಿ 8902, ಅದಕ್ಕೂ 5%. ಮೋಜಿಗೆ, ಕ್ರೀಡೆಗೆ ಅಂತಲೇ ಮಾಡಿದ್ದು 8903. ಅದಕ್ಕೆ ಮೊದಲು 28% ಜೊತೆಗೆ ಸೆಸ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 40% ಆಗಿದೆ. ಹುಟ್ಟು ಹಾಕುವ ದೋಣಿ, ಕನೂ ಅನ್ನುವ ಕಿರುದೋಣಿಗಳನ್ನು ಮಾತ್ರ 18%ಕ್ಕೆ ಇಳಿಸಿದ್ದಾರೆ. ಯಾವ ದೋಣಿ ಯಾವ ಸಾಲಿಗೆ ಅನ್ನುವುದು ಅದನ್ನು ಮುಖ್ಯವಾಗಿ ಯಾವುದಕ್ಕೆ ಅಂತ ಕಟ್ಟಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಮೈದುನನದು ಜನ ಕೂರಿಸಿಕೊಂಡು ಹೋಗುವ ದೋಣಿ. ಬೆಂಚು, ಕಟಕಟೆ ಎಲ್ಲ ಹಾಕಿ ಹಾಗೇ ಕಟ್ಟಿಸಿ, ಹಾಗೇ ಬಿಲ್ ಮಾಡಿಸಿದರೆ 8901 ಅಂತ ವಾದ ಮಾಡಲು ಜಾಗ ಇದೆ. ಬಲೆ ಇಲ್ಲ, ಮೀನಿಲ್ಲ, ಬಿಲ್ಲಿನಲ್ಲಿ ಮಾತ್ರ ಮೀನುಗಾರಿಕೆ ಅಂದರೆ ಅದು ಸುಳ್ಳು ಬಿಲ್.

ಇದು ಬರೀ ತೆರಿಗೆಯ ಮಾತೂ ಅಲ್ಲ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರಲ್ಲ, ಅದು ಮೀನುಗಾರಿಕೆ ದೋಣಿಯನ್ನೇ ಪ್ರವಾಸಿಗರಿಗಾಗಿ ಬದಲಾಯಿಸಿದ್ದು. ಬಲೆ ಎಳೆಯಲು ಕಟ್ಟಿದ ದೋಣಿಗೂ ಮಕ್ಕಳುಮರಿ ಕೂರಿಸಿಕೊಂಡು ಹೋಗುವ ದೋಣಿಗೂ ತೂಕ ಕೂರುವ ರೀತಿಯೇ ಬೇರೆ. ದೋಣಿ ನೀರಿಗಿಳಿಯಲು ಯೋಗ್ಯವೇ ಅಂತ ಸರ್ವೆ ಮಾಡುವವರು ನೋಡುವುದೇ ಅದನ್ನು. ಬಿಲ್ಲಿನಲ್ಲಿ ಒಂದು, ನೀರಿನಲ್ಲಿ ಇನ್ನೊಂದು ಆದರೆ ಸರ್ವೆಗೆ ಏನರ್ಥ?

ಮುಂದಿನದು ಆರ್‌ಟಿಒ. ಊರಿನವರೆಲ್ಲ ಮೈದುನನಿಗೆ ಹೇಳಿದ್ದು ‘ಎಂಜಿನ್ ಇದ್ಮೇಲೆ ಲೈಫ್ ಟ್ಯಾಕ್ಸ್ ಇದ್ದೇ ಇರ್ತದೆ’ ಅಂತ. ಇಲ್ಲ. ಮೋಟಾರು ವಾಹನ ಕಾಯ್ದೆ ರಸ್ತೆ ಮೇಲೆ ಓಡುವುದಕ್ಕೆ ಮಾತ್ರ. ಕಾರಿಗೆ ನಮ್ಮ ರಾಜ್ಯದಲ್ಲಿ ಬೆಲೆ ನೋಡಿಕೊಂಡು 13%ರಿಂದ 18%ರವರೆಗೆ ಕಟ್ಟುವ ಆಜೀವ ತೆರಿಗೆ ದೋಣಿಗೆ ಬರುವುದಿಲ್ಲ. ತಮಾಷೆ ಏನೆಂದರೆ, ದೋಣಿಯನ್ನು ಜೀಪಿನ ಹಿಂದೆ ಎಳೆದುಕೊಂಡು ಬರುವ ಟ್ರೇಲರ್ ಇದೆಯಲ್ಲ, ಅದು ಕಾಯ್ದೆಯ ಲೆಕ್ಕದಲ್ಲಿ ಮೋಟಾರು ವಾಹನ. ದೋಣಿಗೆ ಬೇಡದ ಆರ್‌ಟಿಒ ನಂಬರ್ ಅದನ್ನು ಹೊರುವ ಗಾಡಿಗೆ ಬೇಕು.

ಹಾಗಾದರೆ ದೋಣಿಗೆ ತೆರಿಗೆಯೇ ಇಲ್ಲವೇ? ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿ ತೆಗೆದು ನೋಡಿ. 57ನೇ ನಮೂದು ವಾಹನಗಳ ಮೇಲಿನ ತೆರಿಗೆ. 58ನೇದು ‘ಪ್ರಾಣಿಗಳು ಮತ್ತು ದೋಣಿಗಳ ಮೇಲಿನ ತೆರಿಗೆ’. ಎಮ್ಮೆಯೂ ದೋಣಿಯೂ ಒಂದೇ ಸಾಲಿನಲ್ಲಿ! ಎರಡೂ ನೀರಿಗಿಳಿಯುತ್ತವೆ ಅಂತ ಒಟ್ಟಿಗೆ ಹಾಕಿದರೋ ಏನೋ. ಅಂತೂ ದೋಣಿಗೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆ. ಆದರೆ ನೋಂದಣಿಗೆ ಹೋದಾಗ ಕೇಳುವ ದುಡ್ಡು ತೆರಿಗೆ ಅಲ್ಲ, ಶುಲ್ಕ. ಈ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 1954ರಲ್ಲೇ ಬಿಡಿಸಿ ಹೇಳಿದೆ, ಅದೂ ನಮ್ಮ ಉಡುಪಿಯ ಶಿರೂರು ಮಠದ ಕೇಸಿನಲ್ಲಿ. ತೆರಿಗೆಗೆ ಬದಲಾಗಿ ಇಂಥದೇ ಕೊಡಬೇಕು ಅಂತ ಸರ್ಕಾರದ ಮೇಲೆ ಹೊಣೆ ಇಲ್ಲ. ಶುಲ್ಕ ಹಾಗಲ್ಲ, ಅದು ಮಾಡಿಕೊಡುವ ಕೆಲಸಕ್ಕೆ ತೆಗೆದುಕೊಳ್ಳುವ ದುಡ್ಡು. ಅಂದಮೇಲೆ ಶುಲ್ಕ ಎಷ್ಟು, ಯಾವ ಕೆಲಸಕ್ಕೆ ಅಂತ ಮೊದಲೇ ತಿಳಿಸಬೇಕಾದ್ದು ನ್ಯಾಯ ಅಲ್ವಾ?

ಕೆಲಸ ಏನೇನು ಅನ್ನುವುದು ಕಾನೂನಿನಲ್ಲಿ ಸ್ಪಷ್ಟವಾಗೇ ಇದೆ. ಬ್ರಿಟಿಷರ ಕಾಲದ 1917ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ ಹೋಗಿ 2021ರಲ್ಲಿ ಹೊಸದು ಬಂತು. ನದಿ, ಕೆರೆ, ಕಾಲುವೆಯಲ್ಲಿ ಎಂಜಿನ್ ಹಾಕಿ ಓಡಿಸುವ ದೋಣಿಗೆ ಮೊದಲು ಸರ್ವೆ ಪ್ರಮಾಣಪತ್ರ, ಆಮೇಲೆ ನೋಂದಣಿ ಪ್ರಮಾಣಪತ್ರ. ಕೊಟ್ಟ ನಂಬರನ್ನು ದೋಣಿಯ ಮೇಲೆ ಎದ್ದು ಕಾಣುವ ಹಾಗೆ ಬರೆಸಬೇಕು. ನಡೆಸುವವನಿಗೆ ಅರ್ಹತಾ ಪತ್ರ, ದೋಣಿಗೆ ವಿಮೆ. ಹೊಸ ಕಾಯ್ದೆಯ ಒಂದು ಒಳ್ಳೇ ಅಂಶ ಏನೆಂದರೆ, ಇಲ್ಲಿ ಮಾಡಿಸಿದ ನೋಂದಣಿ ಇಡೀ ದೇಶಕ್ಕೆ ನಡೆಯುತ್ತದೆ. ನಾಳೆ ದೋಣಿಯನ್ನು ಕೇರಳದ ನೀರಿನಲ್ಲಿ ಓಡಿಸಿದರೂ ತೊಂದರೆಯಿಲ್ಲ.

ತೊಡಕಿರುವುದು ಕೌಂಟರಿನಲ್ಲಿ. ಮೈದುನ ಹೋದ ಒಂದು ಕಚೇರಿಯಲ್ಲಿ ‘ಇದು ನಮ್ಮದಲ್ಲ, ಮೀನಿನವರನ್ನ ಕೇಳಿ’ ಅಂದರಂತೆ. ಅಲ್ಲಿಂದ ನೀರಿನವರ ಹತ್ತಿರ ಕಳಿಸಿದರಂತೆ. ಅವರು ‘ಅಣೆಕಟ್ಟಿನ ನೀರಿಗೆ ದೋಣಿ ಇಳಿಸೋಕೆ ನಮ್ಮ ಒಪ್ಪಿಗೆ ಬೇಕು, ಆದರೆ ರಿಜಿಸ್ಟ್ರೇಷನ್ ನಮಗೆ ಗೊತ್ತಿಲ್ಲ’ ಅಂದರಂತೆ. ಒಬ್ಬರೂ ಸುಳ್ಳು ಹೇಳಿಲ್ಲ ಅನ್ನಿ. ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯದು, ಹೇಮಾವತಿ ಜಲಾಶಯ ಕಾವೇರಿ ನೀರಾವರಿ ನಿಗಮದ್ದು, ದೋಣಿಯ ನೋಂದಣಿ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯದು. ಅದರ ಪ್ರಧಾನ ಕಚೇರಿ ಕಾರವಾರದಲ್ಲಿ. ಕಾರವಾರ ಎಲ್ಲಿ, ಹೇಮಾವತಿ ಅಣೆಕಟ್ಟಿನ ಗೊರೂರು ಎಲ್ಲಿ! ಕಡಲಿನ ದೋಣಿಯವರಿಗೆ ಅದು ಸರಿ. ಘಟ್ಟದ ಮೇಲಿನವನು ದೋಣಿಯನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ತೋರಿಸಬೇಕೇ, ಸರ್ವೆಯವರೇ ಇಲ್ಲಿಗೆ ಬರುತ್ತಾರೆಯೇ, ಬಂದರೆ ಅವರ ಓಡಾಟದ ಖರ್ಚು ಯಾರದು? ಇದನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ನಮ್ಮ ತಾಲ್ಲೂಕು ಕಚೇರಿಯ ಗೋಡೆಯ ಮೇಲಿರಲಿ ಅಂತ ಕೇಳಿದರೆ ಅದೇನು ದೊಡ್ಡ ಬೇಡಿಕೆಯಾಯಿತೇ?

ಮೊಬೈಲಿನಲ್ಲಿ ಹುಡುಕಿದರೆ ಬರುವುದು ಅಮೆರಿಕದ ಲೆಕ್ಕ. ಫ್ಲೋರಿಡಾದಲ್ಲಿ ದೋಣಿಯ ಉದ್ದ ನೋಡಿ ನೋಂದಣಿ ಶುಲ್ಕ. ಮಾರಾಟ ತೆರಿಗೆ 6%, ಎಷ್ಟೇ ದೊಡ್ಡ ದೋಣಿಯಾದರೂ 18,000 ಡಾಲರಿಗಿಂತ ಜಾಸ್ತಿ ಇಲ್ಲ. ಮೈದುನ ಇದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅಲ್ಲಿನ ಶ್ರೀಮಂತರ ಯಾಟ್‌ಗೆ ಎಷ್ಟು ತೆರಿಗೆ ಅಂತ ಹಾಸನದಲ್ಲಿ ಕೂತು ಗೊತ್ತಾಗುತ್ತದೆ, ಗೊರೂರಿನ ದೋಣಿಗೆ ಎಷ್ಟು ಶುಲ್ಕ ಅಂತ ಗೊತ್ತಾಗುವುದಿಲ್ಲ.

ನನ್ನ ಕಸುಬಿನದೇ ಇನ್ನೊಂದು ಮಾತು. ‘ಹೋಂಸ್ಟೇ ಬಿಸಿನೆಸ್‌ಗೆ ತಗೊಂಡಿದ್ದು, ಕಟ್ಟಿದ ಜಿಎಸ್‌ಟಿ ವಾಪಸ್ ಬರಲ್ವಾ’ ಅಂತ ಹಲವರು ಕೇಳುತ್ತಾರೆ. ದೋಣಿಗೆ ಕಟ್ಟಿದ ತೆರಿಗೆಗೆ ಐಟಿಸಿ, ಅಂದರೆ ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ, ಸಾಮಾನ್ಯವಾಗಿ ಸಿಗುವುದಿಲ್ಲ. ಜನರನ್ನು ಸಾಗಿಸಲು ಬಳಸಿದರೆ ಸಿಗುತ್ತದೆ ಅಂತ ಒಂದು ವಿನಾಯಿತಿ ಇದೆ. ಆದರೆ ಒಳನಾಡು ಜಲಮಾರ್ಗದಲ್ಲಿ ಜನರನ್ನು ಸಾಗಿಸುವ ಸೇವೆಗೇ ಜಿಎಸ್‌ಟಿ ಮಾಫಿ. ಮಾಫಿ ಇರುವ ಸೇವೆಗೆ ಐಟಿಸಿ ಇಲ್ಲ. ಈ ಕೈಯಲ್ಲಿ ಕೊಟ್ಟು ಆ ಕೈಯಲ್ಲಿ ಕಿತ್ತುಕೊಂಡರು ಅಂತಾರಲ್ಲ, ಅದೇ ಕಥೆ. ಅದೂ ಅಲ್ಲದೆ, ಮೈದುನನ ವಹಿವಾಟು ವರ್ಷಕ್ಕೆ 20 ಲಕ್ಷ ದಾಟುವುದಿಲ್ಲ, ಜಿಎಸ್‌ಟಿ ನಂಬರೇ ಇಲ್ಲ. ಅವನಿಗೆ ಕಟ್ಟಿದ್ದು ಕಟ್ಟಿದ್ದೇ. ಆದಾಯ ತೆರಿಗೆ ಲೆಕ್ಕದಲ್ಲಿ ಮಾತ್ರ ಒಳನಾಡು ದೋಣಿಗೆ ವರ್ಷಕ್ಕೆ 20% ಸವಕಳಿ ತೋರಿಸಬಹುದು. ಅದಕ್ಕೂ ಬಿಲ್ ಸರಿ ಇರಬೇಕು.

ಈಗ ತೆಪ್ಪದವರ ವಿಷಯ. ಇದು ಮೈದುನನ ದೋಣಿಗಿಂತ ಮುಖ್ಯ ಅಂತ ನನಗನ್ನಿಸುತ್ತದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹಿನ್ನೀರು ನಿಂತ ಮೇಲೆ ಊರೂರಿನ ದಾರಿಗಳೇ ನೀರೊಳಗೆ ಹೋದವು. ಬಿದಿರಿನ ಹೆಣಿಗೆ, ಅದರ ಕೆಳಗೆ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ಇಷ್ಟೇ ಇಟ್ಟುಕೊಂಡು ಮೀನು ಹಿಡಿಯುವವರು, ಆಚೆ ದಡಕ್ಕೆ ಜನ ದಾಟಿಸುವವರು ಇದ್ದಾರೆ. ಎಂಜಿನ್ ಇಲ್ಲದ್ದರಿಂದ ಸರ್ವೆ, ನೋಂದಣಿಯ ಆ ದೊಡ್ಡ ವ್ಯವಸ್ಥೆ ಇವರಿಗೆ ಅನ್ವಯಿಸುವುದಿಲ್ಲ. ಆದರೆ 2021ರ ಕಾಯ್ದೆಯಲ್ಲಿ ಇವರಿಗೂ ಒಂದು ಅಧ್ಯಾಯ ಇದೆ. ಎಂಜಿನ್ ಇಲ್ಲದ ದೋಣಿಗಳ ಕೆಲಸವನ್ನು ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದು, ಅಲ್ಲೇ ಹೆಸರು ಬರೆಸಿಕೊಳ್ಳಬಹುದು. ಹಾಗಾದರೆ ಪಂಚಾಯಿತಿಯಲ್ಲಿ ಒಂದು ರಿಜಿಸ್ಟರ್ ಇಡಲಿ. ತೆಪ್ಪಕ್ಕೊಂದು ನಂಬರ್, ಎಷ್ಟು ಜನ ಕೂರಬಹುದು ಅಂತ ಒಂದು ಅಂಕಿ. ಹೆಸರು ಬರೆಸಿದವನಿಗೆ ಲೈಫ್ ಜಾಕೆಟ್. ಶುಲ್ಕ ಇಡಲೇಬೇಕು ಅಂದರೆ ಅವನ ಅರ್ಧ ದಿನದ ಸಂಪಾದನೆಯನ್ನೂ ಮುಟ್ಟದ ಹಾಗೆ ಇಡಲಿ. ಶುಲ್ಕ ಜಾಸ್ತಿ ಆದರೆ ಯಾರೂ ಬರೆಸುವುದಿಲ್ಲ. ಬರೆಸದಿದ್ದರೆ ನಾಳೆ ಏನಾದರೂ ಆದಾಗ ನೀರಿನ ಮೇಲೆ ಎಷ್ಟು ಜನ ಇದ್ದರು ಅನ್ನುವುದೂ ಗೊತ್ತಾಗುವುದಿಲ್ಲ.

ಇದು ಬರೀ ಹೇಮಾವತಿಯ ಗೋಳಲ್ಲ. ಬೇಲೂರಿನ ಯಗಚಿಯಲ್ಲಿ ಬೋಟಿಂಗ್ ಇದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ ಭದ್ರಾ ಹಿನ್ನೀರಿದೆ, ಅಲ್ಲಿ ಹುಲಿ ಅಭಯಾರಣ್ಯವೂ ಸೇರಿಕೊಂಡು ಅರಣ್ಯ ಇಲಾಖೆಯ ಒಪ್ಪಿಗೆ ಬೇರೆ ನೋಡಬೇಕು. ಸಖರಾಯಪಟ್ಟಣದ ಅಯ್ಯನಕೆರೆ ಇದೆ. ಎರಡೂ ಜಿಲ್ಲೆಯಲ್ಲಿ ಹೋಂಸ್ಟೇಗಳು ಹೆಚ್ಚಿದ ಹಾಗೆ ದೋಣಿ ತರುವವರೂ ಹೆಚ್ಚುತ್ತಾರೆ.

ಹಾಗಾಗಿ ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ ಇಷ್ಟು. ಆರ್‌ಟಿಒದವರು ಎಲ್‌ಎಲ್‌ಗೆ (ಕಲಿಕಾ ಲೈಸೆನ್ಸ್‌ಗೆ) ತಾಲ್ಲೂಕುಗಳಲ್ಲಿ ಶಿಬಿರ ಮಾಡುತ್ತಾರಲ್ಲ, ಹಾಗೇ ಮಳೆಗಾಲಕ್ಕೆ ಮೊದಲು ಒಂದು ದಿನ ದೋಣಿ ಸರ್ವೆಯವರನ್ನು ಗೊರೂರಿಗೋ ಬೇಲೂರಿಗೋ ಕರೆಸಿ. ಸರ್ವೆಗೆ ಎಷ್ಟು, ನೋಂದಣಿಗೆ ಎಷ್ಟು, ಮಾಲೀಕರು ಬದಲಾದರೆ ಎಷ್ಟು, ಯಾವ ಕಾಗದ ತರಬೇಕು ಅಂತ ಕನ್ನಡದಲ್ಲಿ ಬೋರ್ಡ್ ಹಾಕಿ. ನೀರಿನ ಒಪ್ಪಿಗೆ ಎಲ್ಲಿ ಅನ್ನುವುದನ್ನೂ ಅದೇ ಬೋರ್ಡಿನಲ್ಲಿ ಬರೆಯಿರಿ. ದಂಡದ ಮಾತು ಆಮೇಲೆ.

ಸಂಪಾದಕರೇ, ನಿಮಗೂ ಒಂದು ಕೋರಿಕೆ. ಇಲಾಖೆಯಿಂದ ಆ ದರಪಟ್ಟಿ ತರಿಸಿ, ಕಾಫಿ, ಮೆಣಸಿನ ಧಾರಣೆ ಹಾಕುವ ಪುಟದಲ್ಲಿ ಒಂದು ದಿನ ಹಾಕಿ. ನಮ್ಮ ಕಡೆಯವರು ಆ ಪುಟ ಓದದೆ ಪೇಪರ್ ಮಡಿಸುವುದಿಲ್ಲ.

— ಒಬ್ಬ ತೆರಿಗೆ ಸಲಹೆಗಾರ್ತಿ, ಹಾಸನ